ಓಕುಳಿಯ ದಿನ ಕೆರೆಗಿಳಿದ ಎತ್ತು

ಕಾಮನನ್ನು ಸುಟ್ಟ ಮರುದಿನ ಊರೆಲ್ಲ ಓಕುಳಿ ಆಡಿತು. ಬಿಳಿ ಎತ್ತಿಗೂ ಕಂದು ಎತ್ತಿಗೂ ಜನ ಕೊಂಬಿನಿಂದ ಗೊರಸಿನವರೆಗೆ ಬಣ್ಣ ಎರಚಿದರು. ಒಂದು ವರ್ಷದಿಂದ ಒಂದರ ಮುಖ ಒಂದು ನೋಡದ ಆ ಎತ್ತುಗಳು ಮಧ್ಯಾಹ್ನ ಕೆರೆಯ ದಡದಲ್ಲಿ ಗುರುತು ಸಿಗದೆ ಅಕ್ಕಪಕ್ಕ ನಿಂತವು.

“ಯಾವ ಊರಿನವನಪ್ಪ ನೀನು? ನಿನಗೂ ಚೆನ್ನಾಗಿಯೇ ಬಣ್ಣ ಬಿದ್ದಿದೆ” ಎಂದಿತು ಕಂದು ಎತ್ತು. ಹಾಗೇ ಮಾತು ಹಬ್ಬದ ಕಡೆಗೆ ತಿರುಗಿತು. “ಕಾಮನ ಜೊತೆ ಹಳೆಯ ಹಗೆಯೂ ಸುಟ್ಟುಹೋಯಿತು ಎಂದು ಜನ ಹೇಳುತ್ತಾರೆ. ನನ್ನದು ಸುಡಲಿಲ್ಲ. ಹೋದ ವರ್ಷ ಹಸಿ ಹುಲ್ಲಿನ ಆಸೆಗೆ ಒಂದು ಬಿಳಿ ಎತ್ತು ನನ್ನನ್ನು ಈ ಕೆರೆ ಏರಿಯಿಂದ ಕೆಳಗೆ ತಳ್ಳಿತು. ಮುಂಗಾಲು ಇನ್ನೂ ನೋಯುತ್ತದೆ. ತಪ್ಪಾಯಿತು ಎಂಬ ಒಂದು ಮಾತನ್ನೂ ಅದು ಆಡಲಿಲ್ಲ.”

ಎದುರಿಗಿರುವುದು ಯಾರೆಂದು ಬಿಳಿ ಎತ್ತಿಗೆ ತಿಳಿಯಿತು. ಸುಮ್ಮನೆ ಹೊರಟುಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದು ಹೋಗಲಿಲ್ಲ. ನೀರಿಗಿಳಿದು ಮುಳುಗಿ ಎದ್ದಿತು. ಬಣ್ಣವೆಲ್ಲ ಹರಿದುಹೋಗಿ ಬಿಳಿ ಮೈ ಕಂಡಿತು.

“ತಳ್ಳಿದವನು ನಾನೇ. ತಪ್ಪಾಯಿತು” ಎಂದಿತು.

ಕಂದು ಎತ್ತು ಕೊಂಬು ತಗ್ಗಿಸಿ ನುಗ್ಗಿತು. ಬಿಳಿ ಎತ್ತು ಕದಲಲಿಲ್ಲ. ಇನ್ನೆರಡು ಹೆಜ್ಜೆ ಇರುವಾಗ ಕಂದು ಎತ್ತು ನೀರಿನಂಚಿನಲ್ಲಿ ತಾನಾಗಿ ನಿಂತಿತು.

“ಬಣ್ಣ ತೊಳೆದುಕೊಳ್ಳದೆಯೇ ಹೇಳಬಹುದಿತ್ತಲ್ಲ?” ಎಂದು ಕೇಳಿತು.

“ಆಗ ನೀನು ಯಾರನ್ನು ಕ್ಷಮಿಸುತ್ತಿದ್ದೆ?” ಎಂದಿತು ಬಿಳಿ ಎತ್ತು.

ಕಂದು ಎತ್ತು ತಾನೂ ನೀರಿಗಿಳಿದು ಬಿಳಿ ಎತ್ತಿನ ಕತ್ತನ್ನು ನೆಕ್ಕತೊಡಗಿತು.