ಗೋಡೆ ಹಿಡಿದು ಹೋದ ಸದ್ಯೋಜಾತ

ಹೇಳಿದ ಮಾತು ಕೇಳದ ಮಕ್ಕಳು ತಿಪಟೂರಿನ ತುಂಬ ಇದ್ದಾರೆ. ಹೇಳಿದ್ದನ್ನೆಲ್ಲ ಕೇಳುವ ಮಗ ಇದ್ದದ್ದು ಗುರುಶಾಂತಮ್ಮ ಒಬ್ಬಳಿಗೇ. ಅದೇ ಅವಳ ಗೋಳು! ಮಗನ ಹೆಸರು ಸದ್ಯೋಜಾತ, ವಯಸ್ಸು ಇಪ್ಪತ್ತೆಂಟು. "ಹಾಲು ಉಕ್ಕುತ್ತೇನೋ ನೋಡ್ತಿರು" ಅಂದರೆ ನೋಡುತ್ತಿದ್ದ. ಹಾಲು ಉಕ್ಕುತ್ತಿತ್ತು. ಅವನು ನೋಡುತ್ತಿದ್ದ.

ಈ ಗುರುಶಾಂತಮ್ಮನಿಗೆ ಒಂದೇ ಆಸೆ. ಮಂಡಿ ಪೂರ್ತಿ ಕೈಕೊಡುವ ಮೊದಲು ಚೀನಾದ ಮಹಾಗೋಡೆ ಹತ್ತಬೇಕು. ಮಗನನ್ನು ಏನು ಮಾಡುವುದು? ಬಿಟ್ಟು ಹೋದರೆ ಮನೆ ಉಳಿಯುವುದಿಲ್ಲ, ಕರೆದುಕೊಂಡು ಹೋದರೆ ಚೀನಾ ಉಳಿಯುವುದಿಲ್ಲ. ಮನೆ ತನ್ನದು, ಚೀನಾ ಬೇರೆಯವರದು. ಕರೆದುಕೊಂಡೇ ಹೊರಟಳು.

ವಿಮಾನ ನಿಲ್ದಾಣದಲ್ಲಿ ಟೂರ್ ಮ್ಯಾನೇಜರ್ ಫಾಲಾಕ್ಷ ಒಂದು ಹಾಳೆ ಎತ್ತಿ ತೋರಿಸಿದ. "ನೋಡಿ, ನಮ್ಮ ಹತ್ತೊಂಬತ್ತು ಜನಕ್ಕೂ ಸೇರಿ ಒಂದೇ ವೀಸಾ. ಒಟ್ಟಿಗೆ ಒಳಗೆ, ಒಟ್ಟಿಗೆ ಆಚೆ. ಒಬ್ಬರು ಕಳೆದುಹೋದರೂ ಮಿಕ್ಕ ಹದಿನೆಂಟು ಜನ ಊರು ಮರೆತುಬಿಡಿ!"

ಎಲ್ಲರೂ ಸದ್ಯೋಜಾತನ ಕಡೆ ನೋಡಿದರು. ತಾಯಿ ಅವನ ಕಿವಿ ಹಿಂಡಿದಳು.

"ಪಟ್ಟಿಯಲ್ಲಿ ಏಳನೆಯವರು ರುದ್ರಯ್ಯ ಮೇಷ್ಟ್ರು, ಎಂಟನೆಯವನು ನೀನು. ಅವರ ಬೆನ್ನು ಬಿಟ್ಟೀಯೆ, ಜೋಕೆ!"

"ಆಗಲಮ್ಮಾ!"

ಬಿಟ್ಟನೇ? ಬಿಡಲಿಲ್ಲ. ಮೇಷ್ಟ್ರು ವಿಮಾನ ಹತ್ತಿದರು, ಇವನೂ ಹತ್ತಿದ. ಮೇಷ್ಟ್ರು ಬೀಜಿಂಗಿನಲ್ಲಿ ಇಳಿದರು, ಇವನೂ ಇಳಿದ. ಮೇಷ್ಟ್ರು ಹೋಟೆಲಿನಲ್ಲಿ ಟವೆಲ್ಲು ಹಿಡಿದು ಸ್ನಾನಕ್ಕೆ ಹೋದರು. ಇವನೂ ಹೋದ.

"ಗುರುಶಾಂತಮ್ಮಾ! ನಿಮ್ಮ ಮಗನನ್ನ ಆಚೆ ಕರೀರಿ!"

"ಅಯ್ಯೋ ದಡ್ಡ ಶಿಖಾಮಣಿ! ಬಾಗಿಲು ಕಂಡರೆ ಆಚೆ ನಿಲ್ಲಬೇಕು. ಮೆತ್ತಗೆ ತಟ್ಟಬೇಕು. ಒಳಗಿರೋರು 'ಬನ್ನಿ' ಅಂದಮೇಲೆ ಕಾಲಿಡಬೇಕು!"

"ಆಗಲಮ್ಮಾ!"

ಮಾರನೆಯ ದಿನ ಚಕ್ರವರ್ತಿಗಳ ಅರಮನೆ. ಆನೆ ನುಗ್ಗುವಷ್ಟು ದೊಡ್ಡ ಕೆಂಪು ಬಾಗಿಲು ಹಾ ಎಂದು ತೆರೆದುಕೊಂಡಿತ್ತು. ಸದ್ಯೋಜಾತ ಹೊಸಿಲಾಚೆ ನಿಂತ. ಮೆತ್ತಗೆ ತಟ್ಟಿದ. ಯಾರೂ "ಬನ್ನಿ" ಅನ್ನಲಿಲ್ಲ. ಮತ್ತೆ ತಟ್ಟಿದ. ಹಿಂದೆ ಜನ ಜಮಾಯಿಸಿದರು. ಇವನು ಎರಡೂ ಕೈ ಚಾಚಿ ತಡೆದ: "ಇರ್ರೀ, ಇನ್ನೂ ಕರೆದಿಲ್ಲ!" ಕಾವಲಿನವನು ಓಡಿ ಬಂದು ತನ್ನ ಭಾಷೆಯಲ್ಲಿ ಕೂಗಾಡಿದ.

"ಅಮ್ಮಾ, ಮನೆಯವರು ಬೈತಿದಾರೆ!"

"ಬೈಯದೇ ಇರ್ತಾರಾ! ಈ ಮನೇಲಿ ರಾಜ ಇಲ್ಲದೆ ನೂರು ವರ್ಷ ಆಯ್ತಲ್ಲೋ! ನಾಲ್ಕು ಜನ ಏನು ಮಾಡ್ತಾರೆ ನೋಡು, ಹಾಗೇ ಮಾಡು. ನಡೆದರೆ ನಡಿ, ನಿಂತರೆ ನಿಲ್ಲು!"

"ಆಗಲಮ್ಮಾ!"

ಮೂರನೆಯ ದಿನ ಮಹಾಗೋಡೆಗೆ ಹೊರಟರು. ದಾರಿಯಲ್ಲಿ ಹಳೆಯ ರಾಜರ ಸಮಾಧಿಗೆ ಹೋಗುವ ಬೀದಿಯೊಂದನ್ನು ತೋರಿಸಿದರು. ಎರಡೂ ಬದಿ ಕಲ್ಲಿನ ಒಂಟೆ, ಕಲ್ಲಿನ ಆನೆ, ಕಲ್ಲಿನ ಮಂತ್ರಿಗಳು. ನೋಡಿಕೊಂಡು ಬಸ್ಸು ಹತ್ತಿ ಎಣಿಸಿದರೆ ಹದಿನೆಂಟು ಜನ! ಹುಡುಕಿಕೊಂಡು ಹೋದರೆ, ಕಲ್ಲಿನ ಮಂತ್ರಿಯೊಬ್ಬನ ಪಕ್ಕ ಎದೆಯ ಮೇಲೆ ಕೈಜೋಡಿಸಿ ಸದ್ಯೋಜಾತ ನಿಂತಿದ್ದ. ಮೂಗಿನ ಮೇಲೆ ನೊಣ.

"ಬಾರೋ!"

"ಇಷ್ಟು ಜನ ನಿಂತಿದಾರಲ್ಲಮ್ಮಾ. ಅವರು ನಡೀಲಿ, ನಡೀತೀನಿ."

"ಅವರು ಐನೂರು ವರ್ಷದಿಂದ ನಡೆದಿಲ್ಲ ಕಣೋ!"

ಫಾಲಾಕ್ಷ ವೀಸಾ ಹಾಳೆಯಲ್ಲೇ ಗಾಳಿ ಬೀಸಿಕೊಂಡ. "ನಾಳೆ ಬೆಳಿಗ್ಗೆ ವಿಮಾನ. ಇವತ್ತೊಂದು ದಿನ, ನಿಮಗೆ ಕೈ ಮುಗೀತೀನಿ."

ಬಸ್ಸಿನಲ್ಲಿ ತಾಯಿ ಮಗನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. "ನನ್ನಿಂದ ತಪ್ಪಿಸಿಕೊಂಡರೆ ನಿಂತುಬಿಡಬೇಡ. ಮನೇಲಿ ಕರೆಂಟು ಹೋದಾಗ ಏನು ಮಾಡ್ತೀಯ? ಗೋಡೆ ಹಿಡ್ಕೊಂಡು ನಡೀತೀಯ. ಹಾಗೇ ಮಾಡು. ಕೈ ಮಾತ್ರ ತೆಗೀಬೇಡ. ಗೋಡೆ ಮುಗಿದ ಕಡೆ ಬಾಗಿಲಿರುತ್ತೆ, ಬಾಗಿಲಲ್ಲಿ ನಾನಿರ್ತೀನಿ."

"ಆಗಲಮ್ಮಾ!"

ಈ ಮಾತನ್ನು ಎಲ್ಲಿಗೆ ಹೋಗುವ ಬಸ್ಸಿನಲ್ಲಿ ಹೇಳುತ್ತಿದ್ದೇನೆ ಎಂದು ಪಾಪ, ಅವಳಿಗೆ ಹೊಳೆಯಲಿಲ್ಲ.

ಮಹಾಗೋಡೆಯ ನೆತ್ತಿಯ ಮೇಲೆ ಒಂದು ರಸ್ತೆ, ರಸ್ತೆಯ ಎರಡೂ ಬದಿ ಎದೆಮಟ್ಟದ ಮೋಟುಗೋಡೆ. ಗುರುಶಾಂತಮ್ಮ ಮಂಡಿ ಹಿಡಿದುಕೊಂಡು ಹತ್ತಿಯೇ ಹತ್ತಿದಳು. "ಬಂದೆನಲ್ಲಪ್ಪಾ ಶಿವನೇ!" ಎಂದು ಕಣ್ಣೊರೆಸಿಕೊಂಡು ತಿರುಗಿದರೆ, ಮಗ ಇಲ್ಲ!

ಜನದ ನೂಕಿನಲ್ಲಿ ಅಮ್ಮ ಮರೆಯಾದದ್ದೇ ತಡ, ಅವನು ಬಲಗೈಯನ್ನು ಮೋಟುಗೋಡೆಯ ಮೇಲಿಟ್ಟು ನಡೆದಿದ್ದ. ಫೋಟೊಕ್ಕೆ ನಿಂತವರನ್ನು ಸರಿಸಿದ, ಮದುವೆ ಜೋಡಿಯ ನಡುವೆ ತೂರಿದ, ಬುತ್ತಿ ಬಿಚ್ಚಿ ಕೂತಿದ್ದ ಅಜ್ಜಿಯ ತಲೆಯ ಮೇಲಿಂದ ಕೈ ಜರುಗಿಸಿದ. ಗೋಡೆ ಮಾತ್ರ ಬಿಡಲಿಲ್ಲ.

"ಫಾಲಾಕ್ಷಾ, ಈ ಗೋಡೆ ಎಷ್ಟು ಉದ್ದ?"

"ಸಾವಿರಾರು ಮೈಲಿ ಅಮ್ಮಾ."

ಗುರುಶಾಂತಮ್ಮ ಮೆಟ್ಟಿಲ ಮೇಲೆ ಕುಸಿದಳು. "ಹೋದ, ನನ್ನ ಮಗ ಹೋದ! ಬೇರೆಯವರ ಮಗ ಆಗಿದ್ರೆ ಸುಸ್ತಾಗಿ ಕೂರ್ತಿದ್ದ. ನನ್ನೋನು ಹೇಳಿದ ಮಾತು ಮೀರೋನಲ್ಲ!"

ಒಂದು ಗಂಟೆ ಆಯಿತು. ಎರಡು ಗಂಟೆ ಆಯಿತು. ಫಾಲಾಕ್ಷನ ಮುಖ ವೀಸಾ ಹಾಳೆಗಿಂತ ಬಿಳುಪಾಯಿತು. ರುದ್ರಯ್ಯ ಮೇಷ್ಟ್ರು ಕೂಡ "ಬೆನ್ನ ಹಿಂದೆ ಉಸಿರು ಕೇಳದೆ ಒಂಥರಾ ಆಗ್ತಿದೆ" ಎಂದರು.

ಆಗ ಕಂಡಿತು! ಎದುರು ಬದಿಯ ಮೋಟುಗೋಡೆ ಸವರಿಕೊಂಡು ಯಾರೋ ಇಳಿದು ಬರುತ್ತಿದ್ದರು. ಮುಂದೆಲ್ಲೋ ದಾರಿ ಮುಚ್ಚಿ ಅಡ್ಡಗೋಡೆ ಕಟ್ಟಿದ್ದರು. ಕೈ ಅಡ್ಡಗೋಡೆಗೆ ಹೊರಳಿತ್ತು, ಅಲ್ಲಿಂದ ಎದುರಿನ ಮೋಟುಗೋಡೆಗೆ ಹೊರಳಿತ್ತು. ಕೈ ಬಂದ ಕಡೆ ಸದ್ಯೋಜಾತ ಬಂದಿದ್ದ.

ತಾಯಿ ಓಡಿ ಹೋಗಿ ಅಡ್ಡ ನಿಂತಳು.

"ಸ್ವಲ್ಪ ಸರಿಯಮ್ಮಾ. ಗೋಡೆ ಇನ್ನೂ ಮುಗಿದಿಲ್ಲ."

ಅವಳು ಆ ಕೈಯನ್ನು ಕಲ್ಲಿನಿಂದ ಕಿತ್ತು ತನ್ನ ಕೆನ್ನೆಗೆ ಒತ್ತಿಕೊಂಡಳು. ಅತ್ತಳು, ನಕ್ಕಳು, ಆಮೇಲೆ ಅಭ್ಯಾಸಬಲದಿಂದ ಬೈದಳು. "ಪಾಪಿ! ಎಷ್ಟು ಜನಕ್ಕೆ ತೊಂದರೆ ಕೊಟ್ಟೆ! ಒಬ್ಬರನ್ನೂ ಬಿಡದೆ ಕಾಲಿಗೆ ಬೀಳು. ಅವರು 'ಏಳಪ್ಪಾ' ಅನ್ನೋ ತನಕ ಏಳಬೇಡ!"

"ಆಗಲಮ್ಮಾ!"

ಮೇಷ್ಟ್ರ ಕಾಲಿಗೆ ಬಿದ್ದ. "ಏಳಪ್ಪಾ." ಫಾಲಾಕ್ಷನ ಕಾಲಿಗೆ ಬಿದ್ದ. "ಏಳಪ್ಪಾ, ಬದುಕಿಸಿದೆ." ಆಮೇಲೆ ಗೋಡೆಯ ಮೇಲಿನ ಜನದ ಕಡೆ ತಿರುಗಿ, ಬುತ್ತಿಯ ಅಜ್ಜಿಯ ಕಾಲಿಗೆ ಉದ್ದಕ್ಕೆ ಬಿದ್ದ. ಅಜ್ಜಿ ಕಿರುಚಿಕೊಂಡಳು. ತಲೆ ಸವರಿ ಏನೋ ಅಂದಳು. ಅದು "ಏಳಪ್ಪಾ" ಅಲ್ಲ. ಅವನು ಏಳಲಿಲ್ಲ.

"ಏಳೋ!" ಅಂದಳು ತಾಯಿ.

"ಅವರೇ ಅನ್ನಬೇಕಮ್ಮಾ" ಅಂತ ನೆಲದಿಂದ ಉತ್ತರ ಬಂತು.

ನಲವತ್ತು ವರ್ಷ ಅಕ್ಷರ ತಿದ್ದಿಸಿದ್ದ ರುದ್ರಯ್ಯ ಮೇಷ್ಟ್ರು ಅಜ್ಜಿಯ ಎದುರು ಕುಕ್ಕರಗಾಲಿನಲ್ಲಿ ಕೂತರು. "ಹೇಳಿ. ಏ... ಳ... ಪ್ಪಾ."

"ಏ-ಲಾ-ಪಾ" ಅಂದಳು ಅಜ್ಜಿ.

ಸದ್ಯೋಜಾತ ಎದ್ದ. ಮದುವೆ ಜೋಡಿಯ ಕಾಲಿಗೆ ಬಿದ್ದ. ಅವರ ಹಿಂದೆ ಆಗಲೇ ಸಾಲು ಬೆಳೆಯುತ್ತಿತ್ತು. ಎಲ್ಲರ ಬಾಯಲ್ಲೂ ಏಲಾಪಾ, ಏಲಾಪಾ.

"ಅಮ್ಮಾ, ನಿಲ್ಲಿಸಿ ಅವನನ್ನ! ಹೊತ್ತಾಯ್ತು!" ಅಂದ ಫಾಲಾಕ್ಷ.

ಗುರುಶಾಂತಮ್ಮ ಮಂಡಿ ನೀವಿಕೊಳ್ಳುತ್ತ ಮೆಟ್ಟಿಲ ಮೇಲೆ ಆರಾಮಾಗಿ ಕೂತಳು.

"ಬೀಳಲಿ ಬಿಡಪ್ಪ. ಬಿದ್ದಿರೋ ಅಷ್ಟು ಹೊತ್ತು ಎಲ್ಲಿಗೂ ಹೋಗಲ್ಲ."