ದುಂಡುಮೇಜಿನ ಮೇಲೆ ಗೋಡೆ

ಒಂದು ಶಾಲೆಯ ಐದನೇ ತರಗತಿಗೆ ಆರು ದುಂಡುಮೇಜುಗಳು ಬಂದವು. ಮಕ್ಕಳು ಸುತ್ತ ಕೂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂಡಿ ಕಲಿಯಲಿ ಎಂಬುದು ಕಳಿಸಿದವರ ಆಶಯ. ಜೊತೆಗೊಂದು ಪತ್ರವೂ ಇತ್ತು. ಮೂರು ತಿಂಗಳಿಗೆ ಅಧಿಕಾರಿ ಬಂದು ನೋಡುತ್ತಾರೆ, ಮಕ್ಕಳು ಕೂಡಿ ಕಲಿಯದಿದ್ದರೆ ಮೇಜುಗಳು ಬೇರೆ ಶಾಲೆಗೆ ಹೋಗುತ್ತವೆ.

ಅಲ್ಲಿಯತನಕ ಮಕ್ಕಳು ಕೂರುತ್ತಿದ್ದುದು ನೆಲದ ಮೇಲೆ. ಅವರನ್ನು ಮತ್ತೆ ತಣ್ಣನೆಯ ಕಲ್ಲುಹಾಸಿಗೆ ಇಳಿಸಲು ಹೆಡ್‌ಮೇಷ್ಟ್ರು ಕೊಟ್ರಬಸಪ್ಪನವರಿಗೆ ಮನಸ್ಸಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟವರ ಹಾಗೆ ದಿನವೂ ಕಿಟಕಿಯಲ್ಲಿ ನಿಂತು, ಕೂಡಿ ಕಲಿಯುವುದು ಶುರುವಾಯಿತೇ ಎಂದು ನೋಡುತ್ತಿದ್ದರು.

ಶುರುವಾಗಲಿಲ್ಲ. ಮಕ್ಕಳು ಪಾಟೀಚೀಲಗಳನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ನಡುವೆ ಗೋಡೆ ಕಟ್ಟಿಕೊಂಡಿದ್ದರು. ಗೋಡೆಯ ಹಿಂದೆ ಎಡಗೈ ಅಡ್ಡವಿಟ್ಟು ಲೆಕ್ಕ ಮಾಡುತ್ತಿದ್ದರು.

ಆರನೆಯ ಮೇಜಿನಲ್ಲಿ ಮಾತ್ರ ಗೋಡೆಯಿಲ್ಲ. ನಾಲ್ಕು ತಲೆಗಳು ಒಂದೇ ಪುಸ್ತಕದ ಮೇಲೆ ಬಾಗಿದ್ದವು.

"ಏ ಹಾಲೇಶ, ಸೊನ್ನೆ ನುಂಗಿಬಿಟ್ಟೆಯಲ್ಲೋ!"

"ನುಂಗಿಲ್ಲ ಕಣೇ, ಮರೆತೆ. ಎಲ್ಲಿಡ್ಲಿ ಹೇಳು."

ಹೆಡ್‌ಮೇಷ್ಟ್ರಿಗೆ ಕುತೂಹಲವಾಯಿತು. ಬಗ್ಗಿ ನೋಡಿದರು. ಆ ಮೇಜಿನ ಒಂದು ಕಾಲು ಗಿಡ್ಡ. ಚೀಲ ನಿಲ್ಲಿಸಿದರೆ ಉರುಳುತ್ತದೆ. ಕಾರಣ ಸಿಕ್ಕಿತು. ಕಾರಣ ಸಿಕ್ಕ ಮೇಲೆ ಓದಿದವರು ಸುಮ್ಮನಿರುವುದು ಕಷ್ಟ. ಅವರು ಬಡಗಿ ಮೌನೇಶಾಚಾರಿಯನ್ನು ಕರೆಸಿ, ಉಳಿದ ಐದೂ ಮೇಜುಗಳ ಒಂದೊಂದು ಕಾಲನ್ನು ಅಷ್ಟೇ ಕೊಯ್ಯಲು ಹೇಳಿದರು.

"ಇಷ್ಟು ವರ್ಷ ಕುಂಟುವ ಮೇಜು ಸರಿಮಾಡಿದೀನಿ ಮೇಷ್ಟ್ರೇ," ಎಂದ ಆಚಾರಿ. "ಸರಿಯಿರೋದನ್ನ ಕುಂಟು ಮಾಡು ಅಂದೋರು ನೀವೇ ಮೊದಲು."

ಮರುದಿನ ಚೀಲಗಳು ದಬದಬ ಬಿದ್ದವು. ಅದರ ಮರುದಿನ ಐದೂ ಮೇಜುಗಳ ಗಿಡ್ಡ ಕಾಲಿನಡಿ ಮಡಚಿದ ರಟ್ಟು ಬಂತು. ಗೋಡೆ ಮತ್ತೆ ಎದ್ದಿತು. ರಟ್ಟು ಮಡಚುವಾಗ ಮಕ್ಕಳು ಬಹಳ ಚೆನ್ನಾಗಿ ಕೂಡಿ ಕೆಲಸ ಮಾಡಿದ್ದರು.

ಕೊನೆಗೆ ಹೆಡ್‌ಮೇಷ್ಟ್ರು, ಯಾವಾಗಲೂ ಮೊದಲು ಬರುವ ಜಬೀನಾಳನ್ನು ಕೇಳಿದರು. "ಯಾಕಮ್ಮ ಈ ಗೋಡೆ?"

"ನಮ್ಮ ಮೇಜಿನ ತಿಪ್ಪೇಶ ನೋಡಿಬಿಡ್ತಾನೆ ಸರ್."

"ನೋಡಿದರೇನು?"

"ಅವನಿಗೆ ಜಾಸ್ತಿ ಬಂದ್ರೆ ನಾನು ಹಿಂದೆ ಬೀಳ್ತೀನಿ. ಶನಿವಾರ ಪರೀಕ್ಷೆ ಆದ್ಮೇಲೆ ನೀವು ಮೊದಲು ಬಂದವರದ್ದು ಒಂದೇ ಹೆಸರು ಓದ್ತೀರಿ. ಎರಡನೇ ಹೆಸರು ಯಾವತ್ತಾದ್ರೂ ಓದಿದೀರಾ?"

ಓದಿರಲಿಲ್ಲ.

"ಹಾಗಾದ್ರೆ ಆರನೇ ಮೇಜಿನವರು?"

"ಅವರು ಹೆಂಗಿದ್ರೂ ಮೊದಲು ಬರಲ್ಲ ಸರ್. ಅವರಿಗೇನು ಭಯ?"

ಹೆಡ್‌ಮೇಷ್ಟ್ರು ತಾವೇ ಕೊಯ್ಯಿಸಿದ ಐದು ಗಿಡ್ಡ ಕಾಲುಗಳನ್ನು ಒಮ್ಮೆ ನೋಡಿದರು.

ಆ ಶನಿವಾರ ಅವರು ಯಾರ ಹೆಸರನ್ನೂ ಓದಲಿಲ್ಲ. "ಇನ್ನು ಮೇಲೆ ಪ್ರತಿ ಮೇಜಿನಲ್ಲೂ ಒಬ್ಬರನ್ನು ಎಬ್ಬಿಸಿ ಕೇಳ್ತೀನಿ. ಅವರು ಹೇಳಿದ್ದಕ್ಕೆ ಬರೋ ಅಂಕ ಇಡೀ ಮೇಜಿಗೆ," ಎಂದರು.

"ಯಾರನ್ನ ಎಬ್ಬಿಸ್ತೀರಿ ಸರ್?"

"ಅದನ್ನ ಹೇಳಲ್ಲ."

ಸೋಮವಾರ ಜಬೀನಾ ತನ್ನ ಚೀಲವನ್ನು ತಾನೇ ನೆಲಕ್ಕಿಟ್ಟಳು. "ತಿಪ್ಪೇಶಾ, ಈಚೆ ಬಾರೋ. ಭಿನ್ನರಾಶಿ ನಿನ್ನ ತಲೆಗೆ ಹೋಗೋವರೆಗೂ ಊಟಕ್ಕೆ ಬಿಡಲ್ಲ."

"ಮೇಷ್ಟ್ರೇ ವಾಸಿ ಕಣವ್ವಾ," ಎಂದ ತಿಪ್ಪೇಶ. ಆದರೂ ಬಂದ.

ಮೂರು ತಿಂಗಳಿಗೆ ಅಧಿಕಾರಿ ಬಂದರು. ಬಾಗಿಲಲ್ಲೇ ಕಿವಿ ಮುಚ್ಚಿಕೊಂಡು, "ಏನ್ರೀ ಇದು, ಸಂತೆ?" ಎಂದರು. ಆಮೇಲೆ ಸುಮ್ಮನೆ ತಿಪ್ಪೇಶನತ್ತ ಬೆರಳು ತೋರಿಸಿ, "ಅರ್ಧಕ್ಕೆ ಕಾಲು ಕೂಡಿಸಿದರೆ ಎಷ್ಟಪ್ಪ?" ಎಂದು ಕೇಳಿದರು.

ಜಬೀನಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ತಿಪ್ಪೇಶ ಒಂದು ಕಾಗದವನ್ನು ಎರಡು ಸಲ ಮಡಚಿದ, ಬಿಚ್ಚಿದ, ನಾಲ್ಕು ಭಾಗದಲ್ಲಿ ಮೂರನ್ನು ತೋರಿಸಿದ. "ಮುಕ್ಕಾಲು ಸರ್. ಅರ್ಧದಲ್ಲೇ ಎರಡು ಕಾಲು ಕೂತಿರ್ತಾವೆ."

ಅವನಿಗಿಂತ ಮೊದಲು ಉಸಿರು ಬಿಟ್ಟವಳು ಜಬೀನಾ. ಮೇಜುಗಳು ಅಲ್ಲೇ ಉಳಿದವು.

ನೀತಿ: ಮಕ್ಕಳನ್ನು ಎದುರುಬದುರು ಕೂರಿಸಲು ಒಳ್ಳೆಯ ಮೇಜು ಸಾಕು. ಆದರೆ ಒಬ್ಬರು ಸೋತರೆ ಮಾತ್ರ ಇನ್ನೊಬ್ಬರು ಗೆಲ್ಲುವ ನಿಯಮವಿರುವಲ್ಲಿ ಎಂಥ ಮೇಜಿನ ಮೇಲೂ ಗೋಡೆ ಏಳುತ್ತದೆ. ಮೊದಲು ತಿದ್ದಬೇಕಾದದ್ದು ನಿಯಮವನ್ನು.