ಎಡಾಮ್ ಬಿಟ್ಟು ಹೋದವನು

“ಗುರುಗಳೇ, ಊರಿನ ಗೊಡವೆಯೇ ಬೇಡವೆಂದು ಬಿಟ್ಟುಬಂದವನಿಗೆ ಮತ್ತೆ ಊರಿನ ಕಾಟ ಯಾಕೆ?” ಎಂದು ಕರಿಬಸಯ್ಯ ಕೇಳಿದ.

ತನ್ನೂರು ಜಾಲಿಮಟ್ಟಿಯಿಂದ ಅವನು ಮೊದಲು ಕಾಲ್ತೆಗೆದದ್ದು ನಾಗರಪಂಚಮಿಯ ದಿನ. ಊರೆಲ್ಲ ಜೋಕಾಲಿ ಆಡುತ್ತಿತ್ತು. ಇವನು ಶಾಲೆಯನ್ನೂ ಊರನ್ನೂ ಒಟ್ಟಿಗೇ ಬಿಟ್ಟ. ಆಮೇಲೆ ಎಷ್ಟೋ ಮಠ ಕಂಡ, ಎಲ್ಲೂ ಕಾಲು ನಿಲ್ಲಲಿಲ್ಲ. ಈಗ ಈ ಗುರುಗಳ ಮಠದಲ್ಲಿಯೂ ಯಾರೋ ‘ಏ ಜಾಲಿಮಟ್ಟಿ’ ಎಂದು ಕರೆದರೆಂದು ಮುನಿದು, ಹೊಳೆಯಾಚೆ ತನ್ನದೇ ಮಠ ಕಟ್ಟಲು ಹೊರಟಿದ್ದ. ಮಠಕ್ಕೆ ಇನ್ನೂ ಒಂದು ಗಳವೂ ನೆಟ್ಟಿರಲಿಲ್ಲ. ಹೆಸರಿನ ಹಲಗೆ ಮಾತ್ರ ಸಿದ್ಧವಾಗಿ, ಬಟ್ಟೆ ಸುತ್ತಿಕೊಂಡು ಗೋಡೆಗೆ ಒರಗಿತ್ತು.

“ಹೋಗುವುದು ಇದ್ದೇ ಇದೆ, ಕೂತುಕೋ” ಎಂದು ಗುರುಗಳು ಕತೆ ತೆಗೆದರು.

ಡಚ್ಚರ ನಾಡಿನಲ್ಲಿ ಎಡಾಮ್ ಎಂಬ ಊರು. ಅಲ್ಲಿ ಚೀಸಿನ ದೊಡ್ಡ ದೊಡ್ಡ ಉಂಡೆ ಕಟ್ಟುತ್ತಾರೆ. ಅದಕ್ಕೂ ಎಡಾಮ್ ಎಂದೇ ಹೆಸರು. ಅಲ್ಲೊಬ್ಬನಿಗೆ ಊರೂ ಸಾಕಾಗಿತ್ತು, ಉಂಡೆಯೂ ಸಾಕಾಗಿತ್ತು. ಸಂತೆಯ ದಿನ ಯಾರಿಗೂ ಹೇಳದೆ ಹಡಗು ಹತ್ತಿದ. ಮೊದಲ ಊಟಕ್ಕೆ ಕೂತ. ತಟ್ಟೆಗೆ ಬಿದ್ದದ್ದು ಎಡಾಮ್.

“ಬೇರೆ ಏನೂ ಇಲ್ಲವೇ?” ಎಂದ.

“ಕಡಲಲ್ಲಿ ಬೇಗ ಕೆಡದ ವಸ್ತು ಇದೊಂದೇ, ತಮ್ಮಾ. ನಿಮ್ಮೂರನ್ನು ತಿಂದುಕೊಂಡೇ ನಾವು ಲೋಕ ಸುತ್ತುವುದು” ಎಂದ ಅಡುಗೆಯವ.

ಆ ಹಡಗಿನಲ್ಲಿ ಒಂದು ರೂಢಿ. ಹೊಸ ನೆಲವನ್ನು ಮೊದಲು ಕಂಡವನೇ ಅದಕ್ಕೆ ಹೆಸರಿಡಬೇಕು. ಒಂದು ದಿನ ಇವನಿಗೊಂದು ದ್ವೀಪ ಕಂಡಿತು. ಎಲ್ಲರೂ ಇವನ ಬಾಯಿ ನೋಡುತ್ತ ನಿಂತರು. ಎಷ್ಟು ತಿಣುಕಿದರೂ ಬೇರೆ ಹೆಸರು ಹೊಳೆಯಲಿಲ್ಲ. “ಎಡಾಮ್” ಎಂದುಬಿಟ್ಟ. ಆಮೇಲೆ ಗುಡ್ಡವೊಂದು ಕಂಡಿತು, ಅದೂ ಎಡಾಮ್. ಸ್ವಂತ ಹಡಗು ಮಾಡಿಕೊಂಡ, ಅದಕ್ಕೂ ಅದೇ. ನಾಯಿ ಸಾಕಿದ; ಆ ನಾಯಿಯೂ ಬೇರೆ ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುತ್ತಿರಲಿಲ್ಲ.

ಮುಪ್ಪಿನಲ್ಲಿ ಊರಿಗೆ ಬಂದ. ಊರ ಬಾಗಿಲಲ್ಲಿ ಕೂತಿದ್ದ ಅಜ್ಜಿಯೊಬ್ಬಳು, “ಏನೇನು ಕಂಡು ಬಂದೆಯೋ?” ಎಂದಳು. ಇವನು ಒಂದೊಂದನ್ನೂ ಹೆಸರು ಹಿಡಿದು ಹೇಳಿದ.

“ಅಯ್ಯೋ, ಇಷ್ಟಕ್ಕೆ ಅಷ್ಟು ದೂರ ಯಾಕೆ ಹೋದೆ? ನಾನು ಕೂತಲ್ಲೇ ನೋಡಿದೆನಲ್ಲ!”

ಅವನಿಗೆ ರೋಷ ಉಕ್ಕಿತು. ಅಂದೇ ಮತ್ತೆ ಗಂಟು ಕಟ್ಟಿದ. ದಾರಿಯ ಬುತ್ತಿಗೆಂದು ಅದರಲ್ಲಿ ಎರಡು ಉಂಡೆ ಇಟ್ಟುಕೊಂಡ.

ಕರಿಬಸಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥ ಪೆದ್ದ, ಗುರುಗಳೇ!” ಎನ್ನುತ್ತ ಹಾಸಿಗೆ ಸುತ್ತಿದ, ಕಂಬಳಿ ಹೆಗಲಿಗೆ ಹಾಕಿದ. ಕಂಬಳಿಯ ಸೆರಗು ತಾಗಿ ಹಲಗೆಯ ಮೇಲಿನ ಬಟ್ಟೆ ಜಾರಿತು. ‘ಜಾಲಿಮಟ್ಟಿ ಮಠ’ ಎಂದು ಅದರ ಮೇಲೆ ದುಂಡಗೆ ಬರೆದಿತ್ತು.

ಗುರುಗಳು ಹಲಗೆಯನ್ನು ಎತ್ತಿ ಅವನ ಕೈಗಿತ್ತರು.

“ದಾರಿಯ ಬುತ್ತಿ ಮರೆತೀಯೆ, ಕರಿಬಸಯ್ಯ.”